ಸುದ್ದಿಯೂ ವಿಚಾರ ಸ್ವಾತಂತ್ರ್ಯವೂ

ವಿಜಯಪುರದಿಂದ ಅಥಣಿಯ ಕಡೆಗೆ ಹೊರಟ ಪ್ರಯಾಣಿಕನಿಗೆ ಸ್ವಲ್ಪ ಹೊತ್ತಿನಲ್ಲಿಯೇ ತಿಕೋಟಾ ಸಿಗುತ್ತದೆ. ಮಳೆ ಕಡಿಮೆಯಾದ ಈ ಜೋಳದ ಸೀಮೆಯಲ್ಲಿ ಈಗ ದ್ರಾಕ್ಷಿಯ ತೋಟಗಳು ಹಬ್ಬಿವೆ. ಬೇಸಿಗೆ ಕಾಲಿಡುವ ಹೊತ್ತಿಗೆ ರೈತರು ಹಣ್ಣನ್ನು ಕೊಯ್ದು, ದ್ರಾವಣದಲ್ಲಿ ಅದ್ದಿ, ಗಾಳಿಯಾಡುವ ಶೆಡ್ಡುಗಳಲ್ಲಿ ಒಂದರ ಮೇಲೊಂದರಂತೆ ಕಟ್ಟಿದ ಬಲೆಗಳ ಮೇಲೆ ಹರಡುತ್ತಾರೆ. ಎರಡು ಮೂರು ವಾರಗಳಲ್ಲಿ ಅದು ಒಣದ್ರಾಕ್ಷಿಯಾಗುತ್ತದೆ. ಆ ದಿನಗಳಲ್ಲಿ ಅಕಾಲದ ಮಳೆ ಸುರಿದರೆ ವರ್ಷದ ದುಡಿಮೆ ಕೆಟ್ಟಂತೆಯೇ.

ಇಂಥ ಸಮಯದಲ್ಲಿ ತೋಟದ ಒಡೆಯನ ಕಿವಿಗೆ ಎರಡು ಬಗೆಯ ಸುದ್ದಿಗಳು ಬೀಳುತ್ತಲೇ ಇರುತ್ತವೆ. ಮಳೆ ಬರುತ್ತದೆಯೆಂಬುದು ಒಂದು; ಒಣದ್ರಾಕ್ಷಿಯ ದರ ಇಳಿಯುತ್ತದೆಯೆಂಬುದು ಮತ್ತೊಂದು. ಅನುಭವವುಳ್ಳ ರೈತನು ಇವೆರಡನ್ನೂ ಕೇಳಿದ ಕೂಡಲೇ ನಂಬುವುದಿಲ್ಲ. ಮಳೆಯ ಮಾತು ಬಂದರೆ ಗಾಳಿಯ ದಿಕ್ಕನ್ನು ನೋಡುತ್ತಾನೆ, ಹವಾಮಾನ ಇಲಾಖೆಯ ವರದಿಯನ್ನು ವಿಚಾರಿಸುತ್ತಾನೆ. ದರದ ಮಾತು ಬಂದರೆ ಹೇಳಿದವನು ಯಾರೆಂದು ಮೊದಲು ಕೇಳುತ್ತಾನೆ. ಹೇಳಿದವನು ಕೊಳ್ಳುವ ವ್ಯಾಪಾರಿಯಾಗಿದ್ದರೆ ಆ ಮಾತಿಗೆ ಅರ್ಧ ಬೆಲೆಯನ್ನೇ ಕಟ್ಟುತ್ತಾನೆ. ಸಾಂಗ್ಲಿಯ ಪೇಟೆಯಲ್ಲಿ ಆ ದಿನ ಯಾವ ದರ ನಡೆದಿದೆಯೆಂದು ಪರಿಚಯದವರಿಂದ ತಿಳಿದುಕೊಳ್ಳುತ್ತಾನೆ. ಇದನ್ನು ಆತನಿಗೆ ಯಾವ ಶಾಲೆಯೂ ಕಲಿಸಿಲ್ಲ. ತಪ್ಪು ಸುದ್ದಿಯನ್ನು ನಂಬಿದರೆ ನಷ್ಟವು ತನಗೇ ಆಗುತ್ತದೆ, ಅದೂ ಅದೇ ವಾರದಲ್ಲಿ ಆಗುತ್ತದೆ ಎಂಬ ಅರಿವೇ ಅವನನ್ನು ಜಾಗರೂಕನನ್ನಾಗಿ ಮಾಡಿದೆ.

ಅದೇ ರೈತನು ಸಂಜೆ ಊರ ಕಟ್ಟೆಯ ಮೇಲೆ ಕುಳಿತಾಗ ಬೇರೆ ಸುದ್ದಿಗಳು ಬರುತ್ತವೆ. ಯಾವುದೋ ಜನಾಂಗದವರು ಹೀಗೆ ಮಾಡಿದರಂತೆ, ಯಾವುದೋ ನಾಯಕನು ಹೀಗೆ ನುಡಿದನಂತೆ, ದೂರದ ಯಾವುದೋ ಪಟ್ಟಣದಲ್ಲಿ ಹೀಗಾಯಿತಂತೆ. ಹಗಲಿನ ಎಚ್ಚರಿಕೆ ಇಲ್ಲಿ ಆತನಲ್ಲಿ ಕಾಣುವುದಿಲ್ಲ. ಹೇಳಿದವನು ಯಾರು, ಅವನಿಗೆ ಹೇಗೆ ತಿಳಿಯಿತು, ಇದನ್ನು ಹರಡುವುದರಿಂದ ಯಾರಿಗೆ ಲಾಭ ಎಂಬ ಪ್ರಶ್ನೆಗಳು ಏಳುವುದಿಲ್ಲ. ಈ ಮಾತು ಸುಳ್ಳಾದರೆ ಅದರ ನಷ್ಟವು ನಾಳೆಯೇ ಅವನ ಮನೆಗೆ ಬರುವುದಿಲ್ಲ; ಬಂದರೂ ಎಲ್ಲರೊಡನೆ ಹಂಚಿಕೊಂಡು ಬರುತ್ತದೆ. ಈ ದೌರ್ಬಲ್ಯವು ರೈತನೊಬ್ಬನದೇ ಎಂದು ಯಾರೂ ತಿಳಿಯಬಾರದು. ವಕೀಲರು, ವೈದ್ಯರು, ಉಪಾಧ್ಯಾಯರು ಕೂಡ ತಮ್ಮ ವೃತ್ತಿಯ ಎಲ್ಲೆಯನ್ನು ದಾಟಿದೊಡನೆ ಹೀಗೆಯೇ ನಡೆದುಕೊಳ್ಳುತ್ತಾರೆ.

ಪ್ರಜಾಪ್ರಭುತ್ವವಾದರೋ ನಿಂತಿರುವುದೇ ಈ ಎರಡನೆಯ ಬಗೆಯ ಸುದ್ದಿಯ ಮೇಲೆ. ಮತ ಹಾಕುವ ಪ್ರಜೆಯು ದಿಲ್ಲಿಯ ಸಂಸತ್ತನ್ನಾಗಲಿ ಬೆಂಗಳೂರಿನ ವಿಧಾನಸೌಧವನ್ನಾಗಲಿ ದಿನವೂ ಹೋಗಿ ನೋಡಲಾರನು. ಅವನು ತೀರ್ಮಾನಿಸಬೇಕಾದ ವಿಷಯಗಳಲ್ಲಿ ಬಹುಪಾಲನ್ನು ಅವನು ಕಣ್ಣಾರೆ ಕಂಡಿರುವುದಿಲ್ಲ. ವೃತ್ತಪತ್ರಿಕೆ, ಆಕಾಶವಾಣಿ, ದೂರದರ್ಶನ, ಈಗಿನ ಮೊಬೈಲ್ ಫೋನು ಇವೇ ಅವನ ಕಣ್ಣು, ಕಿವಿ. ಆದುದರಿಂದ ಸಮೂಹ ಮಾಧ್ಯಮಗಳ ಪ್ರಭಾವವು ಕೆಟ್ಟದ್ದೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸರಿಯಲ್ಲ. ಮಾಧ್ಯಮಗಳಿಲ್ಲದ ಪ್ರಜೆಯು ಹೆಚ್ಚು ಸ್ವತಂತ್ರನಾಗುವುದಿಲ್ಲ. ಊರಿನ ಬಲಾಢ್ಯನು ಹೇಳಿದುದನ್ನೇ ನಂಬಬೇಕಾದ ಸ್ಥಿತಿಗೆ ಹಿಂದಿರುಗುತ್ತಾನೆ, ಅಷ್ಟೆ.

ಮಾಧ್ಯಮವು ವಿಚಾರದ ಬಂಧನವನ್ನು ಬಿಡಿಸಿದುದಕ್ಕೆ ನಿದರ್ಶನವು ವಿಜಯಪುರದಲ್ಲಿಯೇ ಇದೆ. ಫ. ಗು. ಹಳಕಟ್ಟಿಯವರು ಅಲ್ಲಿ ವಕೀಲರಾಗಿದ್ದರು. 12ನೆಯ ಶತಮಾನದ ಶರಣರ ವಚನಗಳು ಆಗ ಬಹುಮಟ್ಟಿಗೆ ಓಲೆಗರಿಯ ಕಟ್ಟುಗಳಲ್ಲಿ ಉಳಿದಿದ್ದವು. ಮನೆ ಮನೆಯ ಜಗುಲಿಯ ಮೇಲೆ ಅವುಗಳಿಗೆ ಪೂಜೆ ಸಲ್ಲುತ್ತಿತ್ತು, ಓದುವವರು ವಿರಳರಾಗಿದ್ದರು. ಜನರ ಮಾತಿನಲ್ಲಿ ಜನರಿಗಾಗಿ ಹುಟ್ಟಿದ ವಿಚಾರವು ಅರಿಶಿನ ಕುಂಕುಮಗಳ ಕೆಳಗೆ ಮೌನವಾಗಿತ್ತು. ಹಳಕಟ್ಟಿಯವರು ಊರೂರು ತಿರುಗಿ ಆ ಕಟ್ಟುಗಳನ್ನು ಸಂಗ್ರಹಿಸಿದರು. ‘ವಚನಶಾಸ್ತ್ರ ಸಾರ’ದ ಮೊದಲ ಭಾಗವು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಅನಂತರ ಅವರು ತಮ್ಮ ಸ್ವಂತ ಮನೆಯನ್ನೇ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ವನ್ನೂ 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆಯನ್ನೂ ಆರಂಭಿಸಿದರು. ಪೂಜೆಗೆ ಮಾತ್ರ ಇದ್ದ ವಸ್ತುವು ಅಚ್ಚಿನ ಪುಟವಾದಾಗ ಅದನ್ನು ಯಾರು ಬೇಕಾದರೂ ಓದಬಹುದು, ಒಪ್ಪಬಹುದು, ಅದರೊಡನೆ ವಾದಿಸಬಹುದು. ಒಂದು ಪುಟವನ್ನು ಅಚ್ಚಿಗೆ ಕೊಡುವ ಮುನ್ನ ಅವರು ಎಷ್ಟು ಊರುಗಳನ್ನು ಸುತ್ತಿದರೆಂಬುದನ್ನು ಬೆರಳ ತುದಿಯಿಂದ ಸುದ್ದಿಯನ್ನು ಮುಂದಕ್ಕೆ ತಳ್ಳುವ ಇಂದಿನವರು ನೆನೆಯುವುದು ಒಳ್ಳೆಯದು.

ಸ್ವತಂತ್ರ ಭಾರತದ ಸಂವಿಧಾನವು ತನ್ನ ಪ್ರಸ್ತಾವನೆಯಲ್ಲಿ ಪ್ರಜೆಗಳಿಗೆ ದೊರಕಿಸಿಕೊಡಬೇಕಾದ ಸ್ವಾತಂತ್ರ್ಯಗಳನ್ನು ಹೇಳುವಾಗ ವಿಚಾರ ಸ್ವಾತಂತ್ರ್ಯವನ್ನು ಮೊದಲು ಹೆಸರಿಸುತ್ತದೆ. ಅಭಿವ್ಯಕ್ತಿ ಸ್ವಾತಂತ್ರ್ಯವು ಅದರ ಅನಂತರ ಬರುತ್ತದೆ. ವಾಕ್ ಸ್ವಾತಂತ್ರ್ಯವನ್ನು 19ನೆಯ ವಿಧಿಯು ರಕ್ಷಿಸುತ್ತದೆ. ಪತ್ರಿಕಾ ಸ್ವಾತಂತ್ರ್ಯವೆಂಬ ಮಾತು ಅಲ್ಲಿ ಪ್ರತ್ಯೇಕವಾಗಿ ಇಲ್ಲದಿದ್ದರೂ ಅದು ವಾಕ್ ಸ್ವಾತಂತ್ರ್ಯದಲ್ಲಿಯೇ ಅಡಗಿದೆಯೆಂದು ಸರ್ವೋಚ್ಚ ನ್ಯಾಯಾಲಯವು 1950ರಿಂದಲೂ ಎತ್ತಿ ಹಿಡಿದಿದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಮಾತನಾಡುವವನ ಬಾಯಿಯನ್ನು ಕಟ್ಟಿದರೆ ಆತನು ನ್ಯಾಯಾಲಯಕ್ಕೆ ಹೋಗಬಲ್ಲನು. ಕೇಳುವವನು ತನ್ನ ವಿಚಾರಶಕ್ತಿಯನ್ನು ತಾನೇ ಬಿಟ್ಟುಕೊಟ್ಟರೆ ಆತನ ಪರವಾಗಿ ದೂರು ಕೊಡುವವರು ಯಾರೂ ಇಲ್ಲ.

ವಿಚಾರ ಸ್ವಾತಂತ್ರ್ಯಕ್ಕೆ ಅಪಾಯವು ಎರಡು ದಾರಿಗಳಿಂದ ಬರುತ್ತದೆಯೆಂಬುದನ್ನು ಉತ್ತರ ಕರ್ನಾಟಕದ ಅನುಭವದಿಂದಲೇ ತೋರಿಸಬಹುದು. ಮೊದಲನೆಯದು ಸುದ್ದಿಯನ್ನು ತಡೆಯುವ ದಾರಿ. 1975ರ ಜೂನ್ 25ರ ರಾತ್ರಿ ದೇಶದಲ್ಲಿ ತುರ್ತು ಪರಿಸ್ಥಿತಿಯನ್ನು ಘೋಷಿಸಲಾಯಿತು. ಪತ್ರಿಕೆಗಳು ತಮ್ಮ ಬರಹವನ್ನು ಅಚ್ಚಿಗೆ ಮುನ್ನ ಅಧಿಕಾರಿಗಳಿಗೆ ತೋರಿಸಿ ಒಪ್ಪಿಗೆ ಪಡೆಯಬೇಕಾಯಿತು. ಜೂನ್ 28ರಂದು ದಿಲ್ಲಿಯ ‘ಇಂಡಿಯನ್ ಎಕ್ಸ್‌ಪ್ರೆಸ್’ ಪತ್ರಿಕೆಯು ಸಂಪಾದಕೀಯದ ಸ್ಥಳವನ್ನು ಖಾಲಿಯಾಗಿ ಬಿಟ್ಟು ಪ್ರಕಟವಾಯಿತು. ಬರೆದ ಸಂಪಾದಕೀಯಗಳಲ್ಲಿ ಎಷ್ಟೋ ಮರೆತುಹೋಗಿವೆ. ಬರೆಯದೆ ಬಿಟ್ಟ ಆ ಜಾಗವು ಇಂದಿಗೂ ನೆನಪಿನಲ್ಲಿದೆ.

ಇದಾದ ಐದು ವಾರಗಳಲ್ಲಿ, ಅಂದರೆ 1975ರ ಆಗಸ್ಟ್ 1ರಂದು, ಆಗಿನ ಬಿಜಾಪುರ ಜಿಲ್ಲೆಯ ಕೆಲವು ಹಳ್ಳಿಗಳಿಗೆ ದೂರದರ್ಶನವು ಬಂದಿತು. ಆ ಕಾಲಕ್ಕೆ ಬೆಂಗಳೂರಿನಲ್ಲಿಯೂ ದೂರದರ್ಶನ ಕೇಂದ್ರವಿರಲಿಲ್ಲ. ಅಮೆರಿಕದ ಉಪಗ್ರಹವೊಂದನ್ನು ಒಂದು ವರ್ಷದ ಮಟ್ಟಿಗೆ ಬಳಸಿಕೊಂಡು ಇಸ್ರೋ ಸಂಸ್ಥೆಯು ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಈ ಪ್ರಯೋಗವನ್ನು ನಡೆಸಿತು. ಕರ್ನಾಟಕದಲ್ಲಿ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳನ್ನು ಅದಕ್ಕಾಗಿ ಆರಿಸಲಾಗಿತ್ತು. ತಂತಿಯ ಜಾಳಿಗೆಯಿಂದ ಮಾಡಿದ, ಹತ್ತು ಅಡಿ ಅಗಲದ ಬಟ್ಟಲಿನಂಥ ಆಂಟೆನಾ ಊರಿನಲ್ಲಿ ನಿಂತಿತು. ಬೆಳಿಗ್ಗೆ ಮಕ್ಕಳಿಗೆ ಪಾಠಗಳು. ಸಂಜೆ ಹಿರಿಯರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆಗಳ ವಿಷಯ, ಮನರಂಜನೆ, ಸುದ್ದಿ. ಕಾಗದದ ಮೇಲೆ ರೈಲನ್ನಷ್ಟೇ ಕಂಡಿದ್ದ ಮಕ್ಕಳು ಅದು ಓಡುವುದನ್ನು ಕಂಡರು. ಈ ಪ್ರಯೋಗದ ಉಪಕಾರವನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಆದರೆ ಆ ಒಂದು ವರ್ಷವೂ ತುರ್ತು ಪರಿಸ್ಥಿತಿಯ ಅವಧಿಯೊಳಗೇ ಕಳೆಯಿತು. ಊರಿಗೆ ಒಂದೇ ಪೆಟ್ಟಿಗೆ; ಅದರಲ್ಲಿ ಒಂದೇ ದನಿ; ಆ ದನಿಯೂ ಸರಕಾರದ್ದೇ. ಬೆಳೆಗೆ ಯಾವ ಗೊಬ್ಬರ ಹಾಕಬೇಕೆಂಬುದನ್ನು ಹಳ್ಳಿಗನು ಅದರಿಂದ ಕಲಿಯಬಹುದಾಗಿತ್ತು. ದೇಶದಲ್ಲಿ ಯಾರು ಯಾರು ಸೆರೆಮನೆಯಲ್ಲಿದ್ದಾರೆಂಬುದನ್ನು ತಿಳಿಯಲು ಆ ಪೆಟ್ಟಿಗೆಯ ಎದುರು ಎಷ್ಟು ಹೊತ್ತು ಕುಳಿತರೂ ಫಲವಿರಲಿಲ್ಲ.

ಆದರೂ ಮಾಧ್ಯಮಗಳು ಜನರ ಮನಸ್ಸನ್ನು ತಮಗೆ ಬೇಕಾದ ಆಕಾರಕ್ಕೆ ಎರಕ ಹೊಯ್ಯುತ್ತವೆ ಎಂಬ ಮಾತು ಅತಿಯಾದುದು. 1977ರ ಮಾರ್ಚ್‌ನಲ್ಲಿ ಚುನಾವಣೆ ನಡೆದಾಗ ಇಡೀ ದೇಶದ ಮತದಾರರು ಒಂದೂವರೆ ವರ್ಷಕ್ಕೂ ಮಿಕ್ಕಿ ಕತ್ತರಿಯಾಡಿದ ಸುದ್ದಿಯನ್ನೇ ಓದಿದ್ದರು. ಉತ್ತರ ಭಾರತದವರು ಆಳುವ ಪಕ್ಷವನ್ನು ಸೋಲಿಸಿದರು. ಕರ್ನಾಟಕದವರು 28 ಸ್ಥಾನಗಳಲ್ಲಿ 26ನ್ನು ಅದೇ ಪಕ್ಷಕ್ಕೆ ಕೊಟ್ಟರು. ಎರಡು ತೀರ್ಮಾನಗಳಲ್ಲಿ ಯಾವುದು ಸರಿಯೆಂಬುದು ಇಲ್ಲಿಯ ಪ್ರಶ್ನೆಯಲ್ಲ. ಓದಿದ ಸುದ್ದಿಯ ಆಚೆಗೆ ತಾವು ಅನುಭವಿಸಿದುದು, ನೆರೆಹೊರೆಯವರೊಡನೆ ಆಡಿದ ಮಾತು, ತಮ್ಮ ಪ್ರದೇಶದ ಹಿತಾಹಿತಗಳು ಕೂಡ ಜನರ ತೀರ್ಮಾನದಲ್ಲಿ ಸೇರಿರುತ್ತವೆ. ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬಹುದು. ವೈಜ್ಞಾನಿಕ ಮನೋಭಾವವನ್ನೂ ಪ್ರಶ್ನಿಸಿ ಅರಿಯುವ ಪ್ರವೃತ್ತಿಯನ್ನೂ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯವೆಂದು ಸಂವಿಧಾನಕ್ಕೆ ಸೇರಿಸಿದ್ದು 1976ರ 42ನೆಯ ತಿದ್ದುಪಡಿಯಿಂದ. ಪತ್ರಿಕೆಗಳಿಗೆ ಪ್ರಶ್ನಿಸುವ ಹಕ್ಕಿಲ್ಲದ ದಿನಗಳಲ್ಲಿ ಪ್ರಜೆಗೆ ಪ್ರಶ್ನಿಸುವ ಕರ್ತವ್ಯವನ್ನು ವಿಧಿಸಿದ ಈ ವಿಚಿತ್ರವನ್ನು ಇತಿಹಾಸವೇ ನಗುತ್ತ ನೋಡಿರಬೇಕು.

ಎರಡನೆಯ ಅಪಾಯವು ಇದಕ್ಕೆ ತೀರ ವಿರುದ್ಧವಾದ ದಾರಿಯಿಂದ ಬಂದಿದೆ. ಊರಿಗೆ ಒಂದು ಪೆಟ್ಟಿಗೆಯಿದ್ದ ಕಡೆ ಈಗ ಅಂಗೈಗೊಂದು ಫೋನು ಇದೆ. ದನಿಗಳು ಸಾವಿರ. ತಡೆಯುವ ಅಧಿಕಾರಿಯಿಲ್ಲ, ತಿದ್ದುವ ಸಂಪಾದಕನೂ ಇಲ್ಲ.

2018ರ ಬೇಸಿಗೆಯಲ್ಲಿ ಒಂದು ವಿಡಿಯೊ ಭಾರತದ ಹಲವು ರಾಜ್ಯಗಳಲ್ಲಿ ವಾಟ್ಸಾಪ್ ಮೂಲಕ ಹರಿದಾಡಿತು. ಬೀದಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಮೋಟಾರ್ ಸೈಕಲ್ಲಿನ ಮೇಲೆ ಇಬ್ಬರು ಬಂದು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಮಕ್ಕಳ ಕಳ್ಳರ ತಂಡವು ತಮ್ಮ ಜಿಲ್ಲೆಗೆ ಬಂದಿದೆಯೆಂಬ ಮಾತು ಅದರೊಡನೆ ಇರುತ್ತಿತ್ತು. ವಾಸ್ತವವಾಗಿ ಅದು ಪಾಕಿಸ್ತಾನದ ಕರಾಚಿಯಲ್ಲಿ, ಕಾಣೆಯಾದ ಮಕ್ಕಳಿಗಾಗಿ ದುಡಿಯುವ ಸಂಸ್ಥೆಯೊಂದು ತಂದೆತಾಯಿಗಳನ್ನು ಎಚ್ಚರಿಸಲು ನಟರಿಂದ ಆಡಿಸಿದ ಪ್ರಚಾರದ ಚಿತ್ರ. ಮೂಲದಲ್ಲಿ ಆ ಇಬ್ಬರು ಹಿಂದಿರುಗಿ ಬಂದು ಮಗುವನ್ನು ಕೆಳಗಿಳಿಸುತ್ತಾರೆ. ಮಗುವಿನ ಮೇಲೆ ಸದಾ ಕಣ್ಣಿಡಿರೆಂದು ಎಚ್ಚರಿಸುವ ಬರಹವನ್ನು ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿಬಿಟ್ಟಿದ್ದರು. ಚಿತ್ರದಲ್ಲಿ ಹೊಸದಾಗಿ ಯಾವ ಸುಳ್ಳನ್ನೂ ಸೇರಿಸಬೇಕಾಗಿರಲಿಲ್ಲ. ನಿಜದ ಕೆಲವು ಕ್ಷಣಗಳನ್ನು ತೆಗೆದುಹಾಕಿದ್ದೇ ಸಾಕಾಯಿತು.

ವಿಜಯಪುರ ಜಿಲ್ಲೆಯ ಗಡಿಯಿಂದ ಉತ್ತರಕ್ಕೆ, ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯಲ್ಲಿ ಮಂಗಳವೇಢೆ ಎಂಬ ಪಟ್ಟಣವಿದೆ. ಬಿಜ್ಜಳನ ಕಾಲದ ಮಂಗಳವಾಡವೇ ಅದು. ಆ ಭಾಗದ ಅಲೆಮಾರಿ ಗೋಸಾವಿ ಜನಾಂಗದವರು ತಲೆತಲಾಂತರದಿಂದ ಊರೂರು ತಿರುಗಿ ಭಿಕ್ಷೆ ಬೇಡಿ ಬದುಕುವವರು. ಅವರಲ್ಲಿ ಕೆಲವರು 2018ರ ಜುಲೈ 1ರಂದು ಧುಳೆ ಜಿಲ್ಲೆಯ ರಾಯಿನಪಾಡಾ ಎಂಬ ಊರಿನಲ್ಲಿ ಬಸ್ಸಿನಿಂದ ಇಳಿದರು. ಅಂದು ವಾರದ ಸಂತೆ. ಮಕ್ಕಳ ಕಳ್ಳರ ಸುದ್ದಿಯು ಆ ಸೀಮೆಯಲ್ಲಿ ಅದಾಗಲೇ ಹಬ್ಬಿತ್ತು. ಅವರಲ್ಲೊಬ್ಬನು ಒಂದು ಮಗುವಿನೊಡನೆ ಮಾತನಾಡಲು ಹೋದುದಷ್ಟೇ ಕಾರಣವಾಗಿ ಜನರು ಮುತ್ತಿದರು. ಗ್ರಾಮ ಪಂಚಾಯಿತಿಯ ಕೋಣೆಯಲ್ಲಿ ಕೂಡಿ, ಐದು ಮಂದಿಯನ್ನು ಹೊಡೆದು ಕೊಂದರು. ಹೊಡೆದವರು ವೃತ್ತಿಯಿಂದ ಕೊಲೆಗಡುಕರಲ್ಲ; ಸಂತೆಗೆ ಬಂದ ಜನ. ತಮ್ಮ ಮಕ್ಕಳನ್ನು ರಕ್ಷಿಸುತ್ತಿದ್ದೇವೆಂದು ಅವರು ನಂಬಿದ್ದರು.

ಎರಡು ವಾರಗಳೂ ತುಂಬುವ ಮೊದಲೇ, ಜುಲೈ 13ರಂದು, ಅಂಥದೇ ಘಟನೆ ಕರ್ನಾಟಕದ ಬೀದರ ಜಿಲ್ಲೆಯಲ್ಲಿ ನಡೆಯಿತು. ಹೈದರಾಬಾದಿನ ಕಡೆಯಿಂದ ಕಾರಿನಲ್ಲಿ ಬಂದಿದ್ದ ಕೆಲವು ಗೆಳೆಯರು ದಾರಿಯಲ್ಲಿ ನಿಂತಾಗ ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟರು. ನೋಡಿದವರಿಗೆ ಸಂಶಯ ಬಂದಿತು. ಅವರು ಹೆದರಿ ಹೊರಟುಹೋದಾಗ ಅವರ ಸುದ್ದಿಯು ವಾಟ್ಸಾಪ್ ಗುಂಪಿನ ಮೂಲಕ ಕಾರಿಗಿಂತ ಮುಂದೆ ಓಡಿ ಮುರ್ಕಿ ಎಂಬ ಊರನ್ನು ತಲುಪಿತು. ಅಲ್ಲಿ ದಾರಿಯನ್ನು ಅಡ್ಡಗಟ್ಟಲಾಯಿತು. ಕಾರು ಉರುಳಿತು. ಕಾಪಾಡಲು ಬಂದ ಪೊಲೀಸರೂ ಗಾಯಗೊಂಡರು. ತಂತ್ರಜ್ಞನಾಗಿದ್ದ ಒಬ್ಬ ಯುವಕನು ಪ್ರಾಣ ಕಳೆದುಕೊಂಡನು. ಮೊದಲ ಊರಿನವರು ತಮ್ಮ ಕಣ್ಣಿಂದ ಕಂಡದ್ದು ಇಷ್ಟೇ: ಅಪರಿಚಿತರು ಮಕ್ಕಳಿಗೆ ಮಿಠಾಯಿ ಕೊಟ್ಟರು. ಮುರ್ಕಿಯವರು ಅದನ್ನೂ ಕಂಡಿರಲಿಲ್ಲ.

1975ರಲ್ಲಿ ಪ್ರಜೆಗೆ ಸುದ್ದಿಯು ದೊರೆಯಲಿಲ್ಲ. 2018ರಲ್ಲಿ ಸುದ್ದಿಯನ್ನು ಅಳೆದು ನೋಡುವ ಅವಕಾಶವೇ ದೊರೆಯಲಿಲ್ಲ, ಅಥವಾ ಅವನು ಅದನ್ನು ತೆಗೆದುಕೊಳ್ಳಲಿಲ್ಲ. ಕೇಳುವುದಕ್ಕೂ ನಂಬುವುದಕ್ಕೂ ನಡುವೆ ಒಂದಿಷ್ಟು ಕಾಲಾವಕಾಶ ಬೇಕು. ವಿಚಾರವೆಂಬುದು ನಡೆಯುವುದು ಆ ಅವಕಾಶದಲ್ಲಿಯೇ. ತಿಕೋಟಾದ ರೈತನು ದರದ ಸುದ್ದಿ ಬಂದಾಗ ಗಳಿಸಿಕೊಳ್ಳುವ ಆ ಒಂದು ಗಳಿಗೆಯನ್ನು ಮುರ್ಕಿಯ ಜನ ಗಳಿಸಿಕೊಂಡಿದ್ದರೆ ಆ ಯುವಕನು ಊರು ಸೇರುತ್ತಿದ್ದನು.

ಇದಕ್ಕೆ ಪರಿಹಾರವೇನೆಂದು ಕೇಳಿದಾಗ ಕೆಲವರು ಹಳೆಯ ಕತ್ತರಿಯನ್ನೇ ಮತ್ತೆ ತೆಗೆಯಬೇಕೆನ್ನುತ್ತಾರೆ. ಫೋನಿನ ಸಂಪರ್ಕವನ್ನು ನಿಲ್ಲಿಸಬೇಕು, ಬೇಡದ ಬರಹಗಳನ್ನು ಬರೆದವರನ್ನು ಸೆರೆಮನೆಗೆ ಕಳುಹಿಸಬೇಕು ಎಂಬುದು ಅವರ ವಾದ. ಈ ವಾದದ ಹಿಂದೆ ಇರುವ ಭಯವು ನಿಜವಾದುದು. ಆದರೆ ಯಾವುದು ಬೇಡದ ಬರಹವೆಂದು ತೀರ್ಮಾನಿಸುವವರು ಯಾರು? ಕಿರಿಕಿರಿ ಉಂಟುಮಾಡುವ ಸಂದೇಶವನ್ನೂ ಅಪರಾಧವೆನ್ನುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66-ಎ ಕಲಮು ಹೀಗೆಯೇ ಬಂದಿತ್ತು. ನಾಯಕರ ವ್ಯಂಗ್ಯಚಿತ್ರವನ್ನು ಕಳುಹಿಸಿದವರೂ ಅದರಡಿ ಬಂಧಿತರಾದರು. ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ಅದನ್ನು ರದ್ದುಪಡಿಸಿತು. ಇನ್ನು ಕೆಲವರು, ಎಲ್ಲರಿಗೂ ಎಲ್ಲವನ್ನೂ ಹೇಳಲು ಬಿಡಿ, ಕೊನೆಗೆ ಸತ್ಯವೇ ಗೆಲ್ಲುತ್ತದೆ ಎನ್ನುತ್ತಾರೆ. ರಾಯಿನಪಾಡಾದಲ್ಲಿಯೂ ಸತ್ಯವು ಗೆದ್ದಿತು. ಅದು ಅಲ್ಲಿಗೆ ತಲುಪುವಾಗ ಐದು ಹೆಣಗಳು ಬಿದ್ದಿದ್ದವು.

ಕೊಲ್ಲಲು ಪ್ರೇರಿಸುವ ಸುಳ್ಳನ್ನು ತಿಳಿದೂ ತಿಳಿದೂ ಹರಡಿದವನನ್ನು ಕಾನೂನು ದಂಡಿಸಲೇಬೇಕು. ಗುಂಪುಗೂಡಿ ಕೊಲ್ಲುವವರ ವಿಷಯದಲ್ಲಿ ರಾಜ್ಯಗಳು ಏನು ಮಾಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2018ರ ಜುಲೈ 17ರಂದು ಕಟ್ಟುನಿಟ್ಟಾಗಿ ವಿಧಿಸಿದೆ. ಅದೇ ತಿಂಗಳಲ್ಲಿ ವಾಟ್ಸಾಪ್ ಕಂಪನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಮುಂದೂಡಬಹುದೆಂಬ ಮಿತಿಯನ್ನು ತಂದಿತು. ಈ ಮಿತಿಯು ಏನನ್ನೂ ನಿಷೇಧಿಸುವುದಿಲ್ಲ. ವೇಗವನ್ನು ಮಾತ್ರ ತಗ್ಗಿಸುತ್ತದೆ. ಬಾಯಿಗೆ ಬೀಗ ಹಾಕುವುದಕ್ಕಿಂತ ಇದು ಮೇಲಾದ ಉಪಾಯ. ಹಾಗೆಂದು ಇದನ್ನೇ ನೆಚ್ಚಿ ಕುಳಿತುಕೊಳ್ಳುವಂತೆಯೂ ಇಲ್ಲ.

ಪತ್ರಿಕೆಗಳೂ ದೂರದರ್ಶನ ವಾಹಿನಿಗಳೂ ಈ ವಿಷಯದಲ್ಲಿ ನಿರಪರಾಧಿಗಳೆನ್ನಲಾಗದು. ಪತ್ರಿಕೆಯು ಓದುಗನು ಕೊಡುವ ಹಣದಿಂದ ನಡೆಯುವುದಿಲ್ಲ, ಜಾಹೀರಾತಿನಿಂದ ನಡೆಯುತ್ತದೆ. ಚುನಾವಣೆಯ ಕಾಲದಲ್ಲಿ ಹಣ ಪಡೆದು ಸುದ್ದಿಯ ವೇಷದಲ್ಲಿ ಪ್ರಚಾರವನ್ನು ಅಚ್ಚಿಸುವ ದುರಭ್ಯಾಸವು ಎಷ್ಟು ಬೆಳೆಯಿತೆಂದರೆ, ಅದನ್ನು ಗಮನಿಸಲು ಚುನಾವಣಾ ಆಯೋಗವು ಜಿಲ್ಲೆಗೊಂದು ಸಮಿತಿಯನ್ನೇ ಏರ್ಪಡಿಸಬೇಕಾಯಿತು. ಫೋನಿನದು ಮತ್ತೊಂದು ಬಗೆಯ ವ್ಯಾಪಾರ. ಒಬ್ಬನು ಯಾವುದನ್ನು ಹೆಚ್ಚು ಹೊತ್ತು ನೋಡುತ್ತಾನೋ ಅಂಥದನ್ನೇ ಅದು ಮತ್ತೆ ಮತ್ತೆ ಅವನ ಮುಂದಿಡುತ್ತದೆ. ಕೆಲವು ದಿನಗಳಲ್ಲಿ ಅವನಿಗೆ ಲೋಕವೆಲ್ಲ ತನ್ನಂತೆಯೇ ಯೋಚಿಸುತ್ತಿದೆಯೆಂದು ತೋರುತ್ತದೆ. ಹಾಗಿದ್ದರೂ ಈ ಪತ್ರಿಕೆಗಳಲ್ಲಿಯೇ, ಈ ಫೋನುಗಳಲ್ಲಿಯೇ, ಹಗರಣಗಳನ್ನು ಬಯಲಿಗೆಳೆದ ವರದಿಗಳೂ ಬಂದಿವೆ. ಕರಾಚಿಯ ಚಿತ್ರದ ಮೂಲವನ್ನು ಹುಡುಕಿ ಜನರಿಗೆ ತಿಳಿಸಿದವರೂ ಪತ್ರಕರ್ತರೇ.

ತಿಕೋಟಾದ ಸುತ್ತಿನ ಹಳ್ಳಿಗಳಲ್ಲಿ ಇಂದಿಗೂ ಎಷ್ಟೋ ಮನೆಗಳಲ್ಲಿ ಹಿರಿಯರಿಗೆ ಓದು ಬರಹ ಬಾರದು. ಪ್ರೌಢಶಾಲೆಗೆ ಹೋಗುವ ಹುಡುಗನೋ ಹುಡುಗಿಯೋ ಆ ಮನೆಯ ಓದುಗರು. ಫೋನಿಗೆ ಬಂದ ಸಂದೇಶವನ್ನು ಗಟ್ಟಿಯಾಗಿ ಓದಿ ಹೇಳುವ ಕೆಲಸ ಅವರದು. ಅವರು ಹೇಗೆ ಓದುತ್ತಾರೋ, ಎಲ್ಲಿ ನಿಲ್ಲಿಸುತ್ತಾರೋ, ಅದರ ಮೇಲೆ ಮನೆಮಂದಿಯ ಅಭಿಪ್ರಾಯವು ರೂಪುಗೊಳ್ಳುತ್ತದೆ. ಇಂಥ ಮನೆಯೊಂದರಲ್ಲಿ ರಾತ್ರಿ ಊಟದ ಹೊತ್ತಿಗೆ ಮೊಮ್ಮಗನು ಸಂದೇಶವೊಂದನ್ನು ಓದಿ ಮುಗಿಸಿದನೆಂದು ಇಟ್ಟುಕೊಳ್ಳಬಹುದು. ದ್ರಾಕ್ಷಿಯ ಪೇಟೆಯಲ್ಲಿ ನಲವತ್ತು ವರ್ಷ ಪಳಗಿದ ಅಜ್ಜನು ರೊಟ್ಟಿಯನ್ನು ತಾಟಿನಲ್ಲಿಟ್ಟು ಕೇಳುತ್ತಾನೆ:

“ಇದನ್ನ ಯಾರು ಬರದಾರ, ತಮ್ಮಾ?”

ಹುಡುಗನು ಮೇಲಕ್ಕೂ ಕೆಳಕ್ಕೂ ಸರಿಸಿ ನೋಡುತ್ತಾನೆ. ಕಳುಹಿಸಿದ ಗೆಳೆಯನ ಹೆಸರಿದೆ. ಆ ಗೆಳೆಯನಿಗೆ ಮತ್ತಾರೋ ಕಳುಹಿಸಿದ್ದಾರೆಂಬ ಗುರುತಿದೆ.

“ಬರದವರ ಹೆಸರು ಇಲ್ಲ, ಮುತ್ಯಾ.”